ಕೂಸು ಯಾರ ಕಂಕುಳಲ್ಲಿ?



ಈ ಸಲ ಮಾತನ್ನು ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಸಿಟ್ಟು ನನ್ನದು, ತಪ್ಪೂ ನನ್ನದೇ ಎಂದು ಆಮೇಲೆ ತಿಳಿಯಿತು.

ಎಡದಂಡೆ ಕಾಲುವೆಗೆ ನೀರು ಬಂದು ನಾಟಿ ಶುರುವಾಯಿತೆಂದರೆ ನಮ್ಮ ಕಾರಟಗಿಯಲ್ಲಿ ಮನೆಗೆಲಸಕ್ಕೆ ಜನ ಸಿಗುವುದಿಲ್ಲ. ಬೆಳಗಿನ ಆರಕ್ಕೇ ಹೆಂಗಸರೆಲ್ಲ ಟಂಟಂ ಹತ್ತಿ ಗದ್ದೆಗೆ ಹೋಗಿಬಿಡುತ್ತಾರೆ. ನಾವು ಇಡೀ ವಾರಕ್ಕೆ ಕೊಡುವ ದುಡ್ಡು ಅಲ್ಲಿ ಒಂದೇ ದಿನಕ್ಕೆ ಸಿಗುವಾಗ ಯಾರು ತಾನೇ ನಮ್ಮ ಪಾತ್ರೆ ತಿಕ್ಕುತ್ತಾ ಕೂರುತ್ತಾರೆ? ನಮ್ಮ ಮನೆಗೆ ಬರುವಾಕೆಯೂ ಹೋದ ನಾಟಿಯಲ್ಲಿ ಎಂಟು ದಿನ ನಾಪತ್ತೆ. ಒಂಬತ್ತನೆಯ ದಿನ ಬಂದಳು. ನಾನು ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಹೇಳಿ ಹೋಗಬಾರದೇನೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಷ್ಟರಲ್ಲಿ ಅವಳ ಹಿಂದೆ ನಿಂತಿದ್ದ ಮಗಳನ್ನು ಕಂಡೆ. ಏಳನೆಯ ತರಗತಿಯ ಹುಡುಗಿ. ಕಂಕುಳಲ್ಲಿ ವರ್ಷ ತುಂಬಿದ ತಮ್ಮ. ಅವತ್ತು ಮಂಗಳವಾರ, ಗಂಟೆ ಹತ್ತೂವರೆ.

"ಸಾಲಿಗೆ ಹೋಗಿಲ್ಲೇನು?" ಎಂದು ಕೇಳಿದೆ. ಹುಡುಗಿ ನೆಲ ನೋಡಿದಳು. ತಾಯಿ ಹೇಳಿದಳು: "ಕೂಸಿನ್ನ ಯಾರು ಹಿಡಕೋಬೇಕ್ರೀ ಅಕ್ಕಾರ? ಕೆಸರಾಗ ಒಯ್ಯಾಕ ಬರಂಗಿಲ್ಲ. ಹೋದ ಸಲ ಬದುವಿನ ಮ್ಯಾಲ ಮಲಗಿಸಿದ್ದೆ, ಹಾವು ಬಂದಿತ್ತು. ಬಾಜೂಕ ಕಾಲುವಿ."

ಎಂಟು ದಿನವೂ ಆ ಹುಡುಗಿ ಶಾಲೆಗೆ ಹೋಗಿಲ್ಲ. ನಡುವೆ ಗುರುವಾರ ಹನ್ನೊಂದು ಗಂಟೆಗೆ ಪಾಲಕರ ಸಭೆ ಎಂದು ಚೀಟಿ ಬಂದಿತ್ತಂತೆ. ತಾಯಿ ಮೊಣಕಾಲು ಕೆಸರಿನಲ್ಲಿ ಸಸಿ ಊರುತ್ತಿದ್ದಳು. "ಇವರಿಗೆ ಮಕ್ಕಳ ಓದಿನ ಕಾಳಜಿಯೇ ಇಲ್ಲ" ಎಂದು ಸಭೆಯಲ್ಲಿ ಮಾತಾಯಿತೆಂದು ಮಗಳು ಗೆಳತಿಯರಿಂದ ಕೇಳಿ ಬಂದಿದ್ದಳು. ನಿಜ ಹೇಳುತ್ತೇನೆ, ಅವತ್ತಿನವರೆಗೆ ನನಗೂ ಹಾಗೇ ಅನಿಸುತ್ತಿತ್ತು.

ಕ್ಯಾಲೆಂಡರ್ ತೆಗೆದು ನೋಡಿ. ನಮ್ಮ ಕಡೆ ಎರಡು ಬೆಳೆಗೂ ನೀರು ಸಿಕ್ಕ ವರ್ಷ ಮುಂಗಾರಿನ ನಾಟಿ ಆಗಸ್ಟ್ ಸುಮಾರಿಗೆ, ಬೇಸಿಗೆ ಬೆಳೆಯ ನಾಟಿ ಜನವರಿ ಸುಮಾರಿಗೆ. ಶಾಲೆಗೆ ರಜೆ ದಸರೆಗೆ, ಆಮೇಲೆ ಏಪ್ರಿಲ್-ಮೇ ತಿಂಗಳಲ್ಲಿ. ಊರಿನ ದುಡಿಮೆಗೂ ಶಾಲೆಯ ರಜೆಗೂ ಮುಖಾಮುಖಿಯೇ ಇಲ್ಲ! ರಜೆಯನ್ನು ಬದಲಿಸಲು ನಮ್ಮ ಕೈಲಾಗದು, ಬಿಡಿ. ಆದರೆ ಈ ಎರಡು ಹಂಗಾಮಿನಲ್ಲಿ ಹಾಜರಿ ಪುಸ್ತಕದಲ್ಲಿ ಯಾವ ಯಾವ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರು ಬೀಳುತ್ತದೆ ಎಂದು ಶಿಕ್ಷಕರಿಗೆ ಗೊತ್ತಿರುತ್ತದೆ. ಚೀಟಿ ಕಳಿಸುವ ಬದಲು ಸಂಜೆ ಆರಕ್ಕೆ ಒಮ್ಮೆ ಮನೆಗೆ ಹೋಗಿ ಕೇಳಿದರೆ ಕಾರಣ ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಬೆರಳು ಮಡಚುತ್ತಾ ಬನ್ನಿ. 2017ರಲ್ಲಿ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿದರು. ಪಗಾರದ ಪುಸ್ತಕದಲ್ಲಿ ಹೆಸರಿರುವವಳಿಗೆ ಅದು ಸಿಗುತ್ತದೆ. ಅಂದರೆ ಕೂಸಿಗೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಕೂಸು ಮಾತ್ರ ಮನೆಯಲ್ಲೇ ಇರಬೇಕು. 1975ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಶುರುವಾದ ಈ ಯೋಜನೆ ಎಷ್ಟೋ ಮಕ್ಕಳ ಹೊಟ್ಟೆ ತಣಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ತಿಂಗಳಿಗೂ ಮೂರು ವರ್ಷಕ್ಕೂ ನಡುವೆ ಎರಡೂವರೆ ವರ್ಷ ಇದೆಯಲ್ಲ, ಆಗ ಕೂಸು ಯಾರ ಕಂಕುಳಲ್ಲಿ? ಅಜ್ಜಿ ಇದ್ದರೆ ಪುಣ್ಯ. ಇಲ್ಲದಿದ್ದರೆ ಅಕ್ಕ. ಅಣ್ಣನನ್ನು ಯಾರೂ ಮನೆಯಲ್ಲಿ ನಿಲ್ಲಿಸಿಕೊಂಡದ್ದನ್ನು ನಾನು ಕಂಡಿಲ್ಲ. ನೀವು ಕಂಡಿದ್ದೀರಾ?

ಕಾಯಿದೆಯವರಿಗೆ ಇದು ತಿಳಿಯದ್ದಲ್ಲ. 1948ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೊಂದು ಕೋಣೆ ಇರಬೇಕೆಂದಿತು. 1976ರಲ್ಲಿ ಅದನ್ನು ಮೂವತ್ತಕ್ಕೆ ಇಳಿಸಿದರು. 2017ರಲ್ಲಿ, ಗಂಡಸರು ಹೆಂಗಸರು ಸೇರಿ ಐವತ್ತು ಜನ ಇದ್ದಲ್ಲಿ ಕೂಸಿನ ಕೋಣೆ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದರು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಾಗಲೂ ಐವತ್ತರ ಲೆಕ್ಕವೇ ಉಳಿಯಿತು. ಆದರೆ ಅಕ್ಕಿ ಗೋದಾಮಿನಲ್ಲಿ ಹತ್ತು ಹೆಂಗಸರು, ಬಟ್ಟೆ ಅಂಗಡಿಯಲ್ಲಿ ಮೂವರು, ಗದ್ದೆಯಲ್ಲಿ ಹನ್ನೆರಡು, ನಮ್ಮ ಮನೆಯಲ್ಲಿ ಒಬ್ಬಳು. ನಮ್ಮಂಥ ಊರಿನ ದುಡಿಮೆ ಈ ಲೆಕ್ಕದೊಳಗೆ ಬರುವುದೇ ಅಪರೂಪ. ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಯೋಜನೆ ತಂದಿತು. ಹೆಸರು ಕೇಳಿದರೇ ಹಿತ. ನಿಮ್ಮದು ಹಳ್ಳಿಯಾದರೆ ಪಂಚಾಯಿತಿಗೆ ಹೋಗಿ, ನಮ್ಮಲ್ಲಿ ಇದೆಯೇ, ಇಲ್ಲವಾದರೆ ಏಕಿಲ್ಲ ಎಂದು ಕೇಳಿ. ಕಾರಟಗಿ ಪಟ್ಟಣವಾಯಿತು, ತಾಲ್ಲೂಕೂ ಆಯಿತು. ದೊಡ್ಡವರಾದದ್ದಕ್ಕೆ ಇದೊಂದು ನಷ್ಟ!

ಗದ್ದೆ ಇರುವ ಸೋದರಿಯರು ನಿಮ್ಮಲ್ಲೇ ಎಷ್ಟೋ ಮಂದಿ ಇದ್ದೀರಿ. ಅವರಿಗೆ ಒಂದು ಮಾತು. 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿ ಒಂದು ನಿಯಮವಿತ್ತು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಬಂದ ಹೆಂಗಸರಲ್ಲೇ ಒಬ್ಬಳನ್ನು ಅವರನ್ನು ನೋಡಿಕೊಳ್ಳಲು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು. ಎಷ್ಟು ಸರಳ ನೋಡಿ. ನಿಮ್ಮ ಗದ್ದೆಗೆ ಬರುವ ಗುಂಪಿನಲ್ಲಿ ಸೊಂಟ ಬಾಗದ ಒಬ್ಬ ಮುದುಕಿ ಇದ್ದೇ ಇರುತ್ತಾಳೆ. ಕಾಲುವೆಯಿಂದ ದೂರ ಒಂದು ತಾಡಪಾಲು ಕಟ್ಟಿಸಿ, ಕುಡಿಯುವ ನೀರಿಟ್ಟು, ಆಕೆಯನ್ನು ಅಲ್ಲಿ ಕೂರಿಸಿ. 1969ರಲ್ಲಿ ದೆಹಲಿಯಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಧೂಳಿನಲ್ಲಿ ಬಿದ್ದಿದ್ದ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಎಂಬಾಕೆ ಮಾಡಿದ್ದೂ ಇಷ್ಟೇ, ಒಂದು ಡೇರೆ ಹಾಕಿಸಿದರು. ಅದೇ ಮುಂದೆ ‘ಮೊಬೈಲ್ ಕ್ರೆಶಸ್’ ಎಂಬ ಸಂಸ್ಥೆಯಾಯಿತು.

ಶಾಲೆ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಮೊದಲು ಬಂದದ್ದು ಏಳು ಜಿಲ್ಲೆಗಳಿಗೆ. ಅದರಲ್ಲಿ ನಮ್ಮ ಕೊಪ್ಪಳವೂ ಒಂದು. ಅದಕ್ಕೆ ಮುಂಚೆ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ಮಗು, ಮನೆಗೆ ಬೀಗ ಕಂಡು, ಗೋಲಿ ಆಡುತ್ತಾ ಅಲ್ಲೇ ಉಳಿದುಬಿಡುತ್ತಿತ್ತು. 2013ರಲ್ಲಿ ಹಾಲು ಬಂತು, 2021ರ ಡಿಸೆಂಬರಿನಲ್ಲಿ ನಮ್ಮ ಕಡೆ ಮೊಟ್ಟೆ ಬಂತು. ಮಕ್ಕಳ ಹೊಟ್ಟೆಯ ಮಾತು ಎಲ್ಲರೂ ಆಡುತ್ತಾರೆ. ಆದರೆ ಬೆಳಿಗ್ಗೆ ಆರಕ್ಕೆ ಹೊರಡುವ ತಾಯಿಯ ತಲೆಯಿಂದ ಒಂದು ಹೊತ್ತಿನ ಚಿಂತೆ ಇಳಿಯಿತಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮ ಮನೆಯಾಕೆ ಆಗ ಮೂರನೆಯ ತರಗತಿಯಲ್ಲಿದ್ದಳಂತೆ. ಮೊದಲ ದಿನದ ಊಟ ಈಗಲೂ ನೆನಪಿದೆ ಎನ್ನುತ್ತಾಳೆ. ಐದಕ್ಕೆ ಶಾಲೆ ಬಿಟ್ಟಳು. ಏಕೆ ಎಂದು ಕೇಳಿದೆ. "ತಮ್ಮ ಹುಟ್ಟಿದ್ನಲ್ರೀ" ಎಂದಳು, ಅದೇನು ಕೇಳುವ ಮಾತು ಎಂಬಂತೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರ್ಖಾನೆ, ಶಾಲೆ ಎಂದು ಬೇರೆಯವರ ಮೇಲೆ ಬೆರಳು ತೋರುವುದು ಸುಲಭ. ನನ್ನ ಅಡುಗೆಮನೆಯೂ ಒಬ್ಬಾಕೆಗೆ ಕೆಲಸದ ಜಾಗವೇ ಅಲ್ಲವೇ? ಒಂಬತ್ತಕ್ಕೆ ಸರಿಯಾಗಿ ಬರಬೇಕು ಎಂದು ಹಟ ಹಿಡಿದವಳು ನಾನು. ಅವಳ ಮಗಳು ಶಾಲೆಗೆ ಹೊರಡುವ ಹೊತ್ತೂ ಅದೇ. ನನ್ನ ಪಾತ್ರೆಗಳು ಹನ್ನೊಂದರವರೆಗೆ ಬಿದ್ದಿದ್ದರೆ ಯಾವ ಆಕಾಶವೂ ಕಳಚಿ ಬೀಳುತ್ತಿರಲಿಲ್ಲ.

ಈಗ ನಮ್ಮ ಓಣಿಯಲ್ಲಿ ಒಂದು ಏರ್ಪಾಡಾಗಿದೆ. ಆಕೆ ಕೆಲಸ ಮಾಡುವ ಮೂರು ಮನೆಯವರೂ ಕೈಲಾದಷ್ಟು ಸೇರಿಸಿ, ಓಣಿಯ ಕೊನೆಯ ಮನೆಯ ಅಜ್ಜಿಗೆ ತಿಂಗಳಿಗೆ ಇಷ್ಟು ಎಂದು ಕೊಡುತ್ತೇವೆ. ಕೂಸು ಅಲ್ಲಿರುತ್ತದೆ, ಇನ್ನೆರಡು ಕೂಸುಗಳೂ ಜೊತೆಗೆ ಬಂದಿವೆ. ಮೊದಲಿಗೆ ಜಗಳವಾಗದೆ ಇರಲಿಲ್ಲ. "ನಮಗ್ಯಾಕ್ರೀ ಆ ಉಸಾಬರಿ" ಎಂದು ಒಬ್ಬರು ಎರಡು ವಾರ ಮಾತು ಬಿಟ್ಟಿದ್ದರು. ಅಜ್ಜಿಗೆ ಮೊಣಕಾಲು ನೋವು ಬಂದ ದಿನ ಎಲ್ಲ ತಲೆಕೆಳಗು, ಅವತ್ತು ನಮ್ಮ ಪಡಸಾಲೆಯಲ್ಲೇ ಮೂರು ತೊಟ್ಟಿಲು. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ, ಸಂಜೆ ಬಂದು ನನ್ನ ಹತ್ತಿರ ಭಿನ್ನರಾಶಿ ಕೇಳುತ್ತಾಳೆ. ನನಗೇ ಅದು ಮರೆತು ಎಷ್ಟು ವರ್ಷವಾಯಿತೋ!

ಸಭೆಯ ವಿಷಯ ಮಾತ್ರ ಉಳಿದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಯಾವ ಹೆಂಗಸು ಬಂದಾಳು? ನಾವು ನಾಲ್ಕು ಜನ ಹೋಗಿ, ಸಂಜೆ ಆರೂವರೆಗೆ ಇಡಿ, ಇಲ್ಲವೇ ಭಾನುವಾರ ಇಡಿ ಎಂದು ಕೇಳಿದೆವು. ನೋಡೋಣ ಎಂದಿದ್ದಾರೆ. ಮುಂದಿನ ನಾಟಿಗೆ ಮುಂಚೆ ಇನ್ನೊಮ್ಮೆ ಹೋಗುತ್ತೇವೆ.

ನಿಮ್ಮ ಊರಿನ ಶಾಲೆಯಲ್ಲಿ ಪಾಲಕರ ಸಭೆ ಎಷ್ಟು ಗಂಟೆಗೆ? ಬರೆದು ತಿಳಿಸಿ.