ಕುಡಗೋಲು ಮೊಬೈಲ್‌ನಾಗ ಸಿಗ್ತದ, ಸಾಣಿ ಸಿಗಲ್ಲ

ಭಂಕೂರಿನ ಒಬ್ಬ ಹುಡುಗ ಚಾಕು, ಕುಡಗೋಲು, ಸಿಕೇಟರ್ ಅಷ್ಟೇ ಮಾರುವ ಅಂಗಡಿ ಇಡಬೇಕು ಅಂತ ಹೊರಟಿದ್ದಾನೆ. ಬಂಡವಾಳ ಈ ವರ್ಷದ ತೊಗರಿ ರೊಕ್ಕ. ಮನೆಯವರದು ಒಂದೇ ಮಾತು: "ಎಲ್ಲಾ ಮೊಬೈಲ್‌ನಾಗೇ ಸಿಗ್ತದಲ್ಲೋ ತಮ್ಮಾ, ನಿನ್ನ ಅಂಗಡಿಗೆ ಯಾರು ಬರ್ತಾರ?" ನನ್ನ ಅಭಿಪ್ರಾಯ ಕೇಳಿದ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಇಂಥದೇ ಯೋಚನೆ ಇಟ್ಟುಕೊಂಡ ಹುಡುಗರು ಇನ್ನೂ ಇದ್ದಾರೆ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ: ಅಂಗಡಿ ಇಡು, ಆದರೆ ಮಾರೋದಕ್ಕಂತ ಇಡಬೇಡ. ಸಾಣಿ ಹಿಡಿಯೋದಕ್ಕಂತ ಇಡು. ಮಾರಾಟ ಅದರ ಹಿಂದೆ ತಾನೇ ಬರ್ತದ.

ಬೆಲೆಯಲ್ಲಿ ಆನ್‌ಲೈನ್ ಜೊತೆ ಕುಸ್ತಿ ಬೇಡ

ಇದರಲ್ಲಿ ಮುಚ್ಚುಮರೆ ಏನಿಲ್ಲ. ಕಸಿ ಕಟ್ಟುವ ಟೇಪು, ಒಳ್ಳೆ ಕಂಪನಿಯ ಕಸಿ ಚಾಕು ನಾನೂ ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಹಳ್ಳಿ ಅಂಗಡಿಯವನು ಇಟ್ಟುಕೊಳ್ಳಲಾಗದಷ್ಟು ನಮೂನೆ ಅಲ್ಲಿವೆ. ಬೆಲೆಯೂ ಕಮ್ಮಿ. ಅದೇ ಮಾಲನ್ನು ತಂದು, ಐವತ್ತು ರೂಪಾಯಿ ಮೇಲಿಟ್ಟು ಮಾರುತ್ತೇನೆ ಅಂದರೆ ಒಂದು ವರ್ಷದೊಳಗೆ ಶಟರ್ ಎಳೆಯಬೇಕಾಗುತ್ತದೆ.

ಆದರೆ ಆನ್‌ಲೈನ್‌ನಲ್ಲಿ ಬಂದ ಹತಾರದ ಕಥೆ ಡಬ್ಬಿ ಒಡೆದ ದಿನಕ್ಕೆ ಮುಗಿಯುತ್ತದೆ. ರೈತನ ಕಥೆ ಆ ದಿನ ಶುರುವಾಗುತ್ತದೆ. ಎರಡು ಎಕರೆ ಪೇರಲ ಸವರಿದ ಮೇಲೆ ಸಿಕೇಟರ್ ಮೊಂಡಾಗುತ್ತದೆ, ಸ್ಪ್ರಿಂಗ್ ಹಾರಿಹೋಗುತ್ತದೆ, ನಟ್ಟು ಸಡಿಲ ಆಗುತ್ತದೆ. ಆಗ ಮೊಬೈಲ್ ಏನು ಹೇಳುತ್ತದೆ? ಹೊಸದು ತಗೋ ಅನ್ನುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಇಂಥ ಮೂರು ನಾಲ್ಕು ಸಿಕೇಟರ್ ತುಕ್ಕು ಹಿಡಿದು ಬಿದ್ದಿವೆ. ಅವೆಲ್ಲ ಕೆಟ್ಟವಲ್ಲ, ಧಾರ ಹೋದವು ಅಷ್ಟೇ.

ಮೊಂಡ ಚಾಕುವಿನ ಲೆಕ್ಕ ಗಿಡ ಕೊಡುತ್ತದೆ

ತೋಟಗಾರಿಕೆ ಓದುವಾಗ ಕಲಿತ ಒಂದು ಪಾಠ ಹೊಲದಲ್ಲಿ ದಿನಾ ನೆನಪಾಗುತ್ತದೆ. ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ತೆಳು ಪದರ ಇರುತ್ತದೆ. ಗಾಯ ಮಾಯಿಸುವುದು, ಕಸಿ ಬೆಸೆಯುವುದು ಅದರ ಕೆಲಸ. ಹರಿತ ಚಾಕು ಅದನ್ನು ಕತ್ತರಿಸುತ್ತದೆ, ಮೊಂಡ ಚಾಕು ಜಜ್ಜುತ್ತದೆ. ಜಜ್ಜಿದ ಗಾಯ ತಡವಾಗಿ ಮಾಯುತ್ತದೆ, ರೋಗಕ್ಕೆ ಬಾಗಿಲು ತೆಗೆದಿಟ್ಟಂತೆ ಆಗುತ್ತದೆ. ಮಾವಿನ ಕಸಿಗೆ ಒಂದೇ ಎಳೆತದ ನುಣುಪು ಕೊಯ್ತ ಬೇಕು. ಎರಡು ಸಲ ಎಳೆದರೆ ಮೇಲ್ಮೈ ಏರುಪೇರಾಗಿ ಪದರಗಳು ಕೂಡುವುದಿಲ್ಲ.

ದಾಳಿಂಬೆ ಬೆಳೆಯುವವರಿಗೆ ಇನ್ನೂ ಒಂದು ಚಿಂತೆ ಇದೆ. ದುಂಡಾಣು ಅಂಗಮಾರಿ ರೋಗ ಸವರುವ ಕತ್ತರಿಯಿಂದಲೇ ಗಿಡದಿಂದ ಗಿಡಕ್ಕೆ ಹಬ್ಬುತ್ತದೆ. ಅದಕ್ಕೇ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದಿನ ಗಿಡ ಮುಟ್ಟಿ ಅನ್ನುತ್ತಾರೆ. ಆ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ. ಸಂಜೆ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ಕತ್ತರಿ ಬೇಗ ಹಾಳಾಗುತ್ತದೆ. ಇದನ್ನು ಕೈಯಲ್ಲಿ ಹಿಡಿದು ತೋರಿಸುವ ಮನುಷ್ಯ ಊರಲ್ಲಿ ಬೇಕು. ಅವನೇ ಅಂಗಡಿಯವನಾದರೆ ತಪ್ಪೇನು?

ನಮ್ಮ ಅಜ್ಜಂದಿರ ವ್ಯವಸ್ಥೆ ಇದೇ ಆಗಿತ್ತು

ಹಿಂದೆ ಊರಲ್ಲಿ ಕಮ್ಮಾರ ಆಯಗಾರನಾಗಿದ್ದ. ರೈತ ಅವನಿಗೆ ಕುಡಗೋಲಿಗೆ ಇಷ್ಟು, ಕುಂಟಿಗೆ ಇಷ್ಟು ಅಂತ ಪ್ರತಿ ಸಲ ರೊಕ್ಕ ಎಣಿಸುತ್ತಿರಲಿಲ್ಲ. ರಾಶಿ ಆದಾಗ ಕಣದಲ್ಲಿ ಜೋಳ ಅಳೆದು ಕೊಡುತ್ತಿದ್ದ. ವರ್ಷಪೂರ್ತಿ ಹತಾರ ಹಣಿದು, ಸರಿ ಮಾಡಿ ಕೊಡುವುದು ಕಮ್ಮಾರನ ಜವಾಬ್ದಾರಿ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಮೇಲು ಕೀಳು ಇತ್ತು. ಅದು ಹೋಗಿದ್ದೇ ಒಳ್ಳೆಯದು. ಆದರೆ ಅದರೊಳಗಿನ ಲೆಕ್ಕ ಜಾಣತನದ್ದು. ಕಮ್ಮಾರನಿಗೆ ಹೊಸದು ಮಾರುವುದಕ್ಕಿಂತ ಹಳೆಯದು ಬಾಳಿಕೆ ಬರುವುದೇ ಲಾಭವಾಗಿತ್ತು.

ಇವತ್ತು ಮೊಬೈಲ್ ರೀಚಾರ್ಜ್‌ಗೆ ವರ್ಷದ ಪ್ಲಾನ್ ಹಾಕಿಸುತ್ತೇವೆ. ಹಂಗೇ ಸಾಣಿಗೂ ವರ್ಷದ ಕಾರ್ಡ್ ಯಾಕಿರಬಾರದು? ಉದಾಹರಣೆಗೆ ಒಂದು ಮನೆಗೆ ವರ್ಷಕ್ಕೆ 300 ರೂಪಾಯಿ ಅನ್ನಿ. ಕುಡಗೋಲು, ಕುರಪಿ, ಕೊಡಲಿ, ಸಿಕೇಟರ್, ಅಡುಗೆಮನೆ ಚಾಕು ಯಾವುದೇ ತನ್ನಿ, ವರ್ಷಕ್ಕೆ ಇಷ್ಟು ಸಲ ಅಂತ ಗೊತ್ತು ಮಾಡಿ. 120 ಮನೆ ಸೇರಿದರೆ 36,000 ರೂಪಾಯಿ. ತಿಂಗಳಿಗೆ 3,000 ಬಿತ್ತು, ಸಣ್ಣ ಖೋಲಿಯ ಬಾಡಿಗೆ ಹೋಯಿತು. ಇದರ ಮೇಲೆ ಬರುವ ಬಿಡಿ ಸಾಣಿಯ ಕೂಲಿ, ಮಾರಾಟದ ಲಾಭ ನಿಮ್ಮದು.

ಗಿರಾಕಿ ಬರೀ ರೈತ ಅಲ್ಲ

ಒಕ್ಕಲುತನದ ಹತಾರ ವರ್ಷವಿಡೀ ಓಡುವುದಿಲ್ಲ. ತೊಗರಿ ಕೊಯ್ಲು ಡಿಸೆಂಬರ್, ಜನವರಿಗೆ, ಜೋಳ ಅದರ ಹಿಂದೆ. ಮಾವಿನ ಸವರುವಿಕೆ ಹಣ್ಣು ಇಳಿದ ಮೇಲೆ. ನಡುವಿನ ತಿಂಗಳು ಏನು ಮಾಡಬೇಕು? ಸುತ್ತ ಒಮ್ಮೆ ನೋಡಿ. ನಮ್ಮದು ಫರ್ಸಿ ಕಲ್ಲಿನ ನಾಡು. ಗಣಿಯಲ್ಲಿ ಕಲ್ಲು ಎಬ್ಬಿಸುವವರ ಉಳಿ, ಹಾರಿಗಳ ಮೊನೆ ಸವೆಯುತ್ತಲೇ ಇರುತ್ತದೆ. ಶಹಾಬಾದ್, ವಾಡಿಯ ಖಾನಾವಳಿ, ಮಟನ್ ಅಂಗಡಿ, ಟೇಲರ್, ಕ್ಷೌರದಂಗಡಿ ಎಲ್ಲರಿಗೂ ಧಾರ ಬೇಕು. ವಾರದ ಸಂತೆಗೆ ಸಾಣಿ ಯಂತ್ರ ಒಯ್ದರೆ ಅಂಗಡಿಯೇ ಗಿರಾಕಿ ಹತ್ತಿರ ಹೋದಂತೆ.

ಟೋಕಿಯೋದಲ್ಲಿ ಕಪ್ಪಬಾಶಿ ಅಂತ ಒಂದು ಬೀದಿ ಇದೆ, ಪೂರ್ತಿ ಅಡುಗೆ ಸಾಮಾನಿನದೇ. ಆನ್‌ಲೈನ್ ಅಲ್ಲಿಗೂ ಬಂದಿದೆ. ಆದರೂ ಅಲ್ಲಿನ ಚಾಕು ಅಂಗಡಿಗಳು ನಡೆದಿವೆ. ಹಿಡಿದು ನೋಡಿ ಕೊಳ್ಳಬಹುದು, ಸಾಣಿ ಹಿಡಿಸಬಹುದು. ನಮ್ಮೂರಿಗೆ ಅಷ್ಟು ದೊಡ್ಡದು ಬೇಡ, ಬುದ್ಧಿ ಮಾತ್ರ ತರೋಣ.

ಇಡುವವರಿಗೆ ನಾಲ್ಕು ಮಾತು

ಒಂದು, ಮೊದಲು ಕೈ ಪಳಗಲಿ. ಫರ್ಸಿ ಮೇಲೆ ತಿಕ್ಕಿದರೆ ಧಾರ ಬರುವುದಿಲ್ಲ. ಅದು ಸುಣ್ಣದ ಕಲ್ಲು, ಉಕ್ಕಿಗಿಂತ ಮೆತ್ತಗೆ. ಕಾರ್ಬೊರಂಡಂ ಸಾಣೆಕಲ್ಲು ಬೇಕು, ಮೊದಲು ಉರುಟು, ಆಮೇಲೆ ನುಣುಪು. ಗ್ರೈಂಡರ್‌ಗೆ ಒತ್ತಿ ಹಿಡಿದು ಅಲಗು ನೀಲಿ ಬಣ್ಣಕ್ಕೆ ತಿರುಗಿತೋ, ಹದ ಹೋಯಿತು ಅಂತ ತಿಳಿಯಿರಿ. ಆಗಾಗ ನೀರಲ್ಲಿ ಅದ್ದುತ್ತಾ ಹಿಡಿಯಿರಿ. ಬೈಪಾಸ್ ಸಿಕೇಟರ್‌ನ ಅಲಗನ್ನು ಓರೆ ಇರುವ ಒಂದೇ ಬದಿಗೆ ಮಸೆಯಬೇಕು.

ಎರಡು, ಮಾಲು ಕಮ್ಮಿ ಇಡಿ. ಹತ್ತು ಹನ್ನೆರಡು ನಮೂನೆ ಸಾಕು. ಅದರಲ್ಲಿ ಅರ್ಧ ನಮ್ಮ ಸುತ್ತಲಿನ ಕಮ್ಮಾರರು ಮಾಡಿದ್ದಿರಲಿ. ಲಾರಿಯ ಹಳೆ ಪಾಟಾದಿಂದ ಹದವಾಗಿ ಮಾಡಿದ ಕುಡಗೋಲಿಗೆ ಅಗ್ಗದ ತಗಡಿನ ಕುಡಗೋಲು ಸಾಟಿ ಅಲ್ಲ. ಕೊಳ್ಳುವಾಗ ಅಲಗಿನ ಅಂಚಿಗೆ ಅರ ಎಳೆದು ನೋಡಿ. ಸಲೀಸಾಗಿ ತಿಂದರೆ ಉಕ್ಕು ಮೆತ್ತಗೆ, ಗಾಜಿನಂತೆ ಜಾರಿದರೆ ಅತಿ ಗಡಸು, ಕಲ್ಲಿಗೆ ತಾಗಿದರೆ ಚೂರು ಹಾರುತ್ತದೆ. ಸ್ವಲ್ಪ ತಡೆದು ತಿನ್ನುವುದೇ ಹದ.

ಮೂರು, ಸರ್ಕಾರದ್ದನ್ನು ಬಳಸಿಕೊಳ್ಳಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಹತಾರಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5 ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಇದು ಕಸುಬು ಮಾಡುವವರಿಗೆ, ಬರೀ ಮಾರುವವರಿಗಲ್ಲ. ನಿಮಗೆ ಮಾಲು ಕೊಡುವ ಕಮ್ಮಾರ ಕಾಕಾನ ಹೆಸರು ನೋಂದಾಯಿಸಿ ಕೊಡಿ, ಅವರಿಗೆ ಆನ್‌ಲೈನ್ ಅರ್ಜಿ ಬರದಿದ್ದರೆ ನಿಮಗೆ ಬರ್ತದಲ್ಲ.

ನಾಲ್ಕು, ಕಾನೂನು ಗೊತ್ತಿರಲಿ. ಕುಡಗೋಲು, ಸಿಕೇಟರ್‌ನಂಥ ಕೈ ಹತಾರಗಳಿಗೆ ಜಿಎಸ್‌ಟಿ ಇಲ್ಲ. ಅಡುಗೆ ಚಾಕುವಿನ ಲೆಕ್ಕ ಬೇರೆ. ಶಸ್ತ್ರಾಸ್ತ್ರ ನಿಯಮ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ ಹೇಳುತ್ತದೆ. ಮನೆ, ಒಕ್ಕಲುತನದ ಹತಾರಗಳನ್ನು ಅದರಿಂದ ಹೊರಗಿಟ್ಟಿದೆ. ತಲವಾರ್, ಜಂಬೆ ಕೇಳಿಕೊಂಡು ಹುಡುಗರು ಬರುತ್ತಾರೆ. ಎಷ್ಟೇ ರೊಕ್ಕ ತೋರಿಸಲಿ, ಇಲ್ಲ ಅನ್ನಿ.

ಇಷ್ಟಾದರೂ ತೊಗರಿ ರೊಕ್ಕ ಪೂರ್ತಿ ಒಂದೇ ಸಲ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಆರು ತಿಂಗಳು ಒಂದು ಸಾಣಿ ಯಂತ್ರ, ಎರಡು ಕಲ್ಲು, ಒಂದು ಮೇಜು ಇಟ್ಟುಕೊಂಡು ಮನೆ ಕಟ್ಟೆ ಮೇಲೇ ಕೂಡ್ರಿ. 50 ಮನೆ ಕಾರ್ಡ್ ತಗೊಂಡರೆ ಖೋಲಿ ಹುಡುಕಿ. 50 ಆಗದಿದ್ದರೆ ಆ ಊರಿಗೆ ಅಂಗಡಿ ಬೇಕಾಗಿಲ್ಲ ಅಂತ ತಿಳಿಯುತ್ತದೆ, ರೊಕ್ಕವೂ ಉಳಿಯುತ್ತದೆ.

ಅಂಗಡಿ ಇಡದವರಿಗೂ ಒಂದು ಕೆಲಸ ಇದೆ. ಈ ವಾರ ಮನೆಯ ಹಳೆ ಹತಾರಗಳನ್ನೆಲ್ಲ ಹೊರಗೆ ತೆಗೆದು ಎಣಿಸಿ. ಮೊಬೈಲ್‌ನಲ್ಲಿ ಹೊಸದು ಒತ್ತುವ ಮೊದಲು, ಅವುಗಳಲ್ಲಿ ಎಷ್ಟಕ್ಕೆ ಬರೀ ಧಾರ ಸಾಕು ಅಂತ ನೋಡಿ.