ದಾಯಾದಿ ಯುದ್ಧ: ಒಂದು ಮನೆತನದ ಸಾಕ್ಷ್ಯ

ಕನ್ನಡ ನಾಡಿನ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಕಾಣಿಸುತ್ತವೆ. ಅವನನ್ನು ಕಳೆದುಕೊಂಡ ಮನೆಗೆ ಆ ಕಲ್ಲಿನಲ್ಲಿ ಸಾಮಾನ್ಯವಾಗಿ ಸ್ಥಳವಿಲ್ಲ. ಆಧುನಿಕ ರಾಷ್ಟ್ರದ ಸ್ಮಾರಕಗಳೂ ಈ ಮಾತಿನಲ್ಲಿ ವೀರಗಲ್ಲಿನ ವಾರಸುದಾರರೇ ಸರಿ. ಹೆಸರು, ಪದಕ, ಮಡಿದ ದಿನಾಂಕ ಇವಿಷ್ಟರಲ್ಲಿ ಅವು ಮುಗಿಯುತ್ತವೆ. ಆದರೆ ಮನೆತನದ ಚರಿತ್ರೆಯನ್ನು ಬಿಟ್ಟ ವೀರಸ್ಮರಣೆ ಅಪೂರ್ಣವಾದುದು. ಪುಣೆಯಲ್ಲಿ ಹುಟ್ಟಿದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲರ ಬದುಕು ಇದಕ್ಕೆ ನಿದರ್ಶನವಾಗಿದೆ.

ಅರುಣ್ ಜನಿಸಿದುದು 1950ರ ಅಕ್ಟೋಬರ್ 14ರಂದು. 1967ರಲ್ಲಿ ಅವರು ಪುಣೆಯ ಸಮೀಪದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿದರು. 1971ರ ಜೂನ್ ತಿಂಗಳಲ್ಲಿ ಅಧಿಕಾರಿಯಾಗಿ ಸೇರಿದ ದಳವೂ ಆ ನಗರದ ಹೆಸರನ್ನೇ ಹೊತ್ತ ಪೂನಾ ಹಾರ್ಸ್. ಆರು ತಿಂಗಳು ಕಳೆಯುವಷ್ಟರಲ್ಲಿ, ಡಿಸೆಂಬರ್ 16ರಂದು, ಶಕರ್‌ಗಢ ವಲಯದ ಬಸಂತರ್ ನದಿಯ ಆಚೆ, ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಬರುವಂತೆ ಬಂದ ಆದೇಶವನ್ನು ಒಪ್ಪದೆ ಹೋರಾಡಿ ಮಡಿದರು. ಆಗ ಅವರಿಗೆ 21 ವರ್ಷ. ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದುದೂ ಅದೇ ದಿನ. ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಖಡಕ್‌ವಾಸ್ಲಾದ ಕವಾಯತು ಮೈದಾನಕ್ಕೆ ಅವರ ಹೆಸರಿಡಲಾಯಿತು.

ಇಷ್ಟು ವೀರಗಲ್ಲಿನ ಮಾತಾಯಿತು. ಮನೆಯ ಮಾತು ಬೇರೆ. ಅರುಣರ ಮುತ್ತಾತ ಸಿಖ್ಖರ ಖಾಲ್ಸಾ ಸೈನ್ಯದಲ್ಲಿದ್ದು ಚಿಲಿಯನ್‌ವಾಲಾದಲ್ಲಿ ಬ್ರಿಟಿಷರ ವಿರುದ್ಧ ಕಾದಿದವರು. ತಾತ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದೇ ಬ್ರಿಟಿಷರ ಸೇನೆಯಲ್ಲಿ ದುಡಿದವರು. ತಂದೆ ಎಂ. ಎಲ್. ಖೇತರ್‌ಪಾಲ್ ಸ್ವತಂತ್ರ ಭಾರತದ ಸೇನೆಯ ಎಂಜಿನಿಯರ್ ದಳದಲ್ಲಿ ಬ್ರಿಗೇಡಿಯರ್ ಹುದ್ದೆಗೇರಿದವರು. ಒಂದೇ ಮನೆತನ ಮೂರು ಧ್ವಜಗಳ ಕೆಳಗೆ ನಿಂತಿತು. ಧ್ವಜ ಬದಲಾಯಿತು, ಮನೆಯ ವೃತ್ತಿಧರ್ಮ ಬದಲಾಗಲಿಲ್ಲ. 1947ರಲ್ಲಿ ಬದಲಾದುದು ಊರೇ: ತಂದೆಯ ಹುಟ್ಟೂರು ಸರಗೋಧಾ ಪಾಕಿಸ್ತಾನಕ್ಕೆ ಸೇರಿತು.

1971ರ ಮಾರ್ಚ್‌ನಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಅಂತರ್ಯುದ್ಧವಾಗಿ ಆರಂಭವಾದ ಕಲಹ ಡಿಸೆಂಬರಿನಲ್ಲಿ ಎರಡು ರಾಷ್ಟ್ರಗಳ ಯುದ್ಧವಾಯಿತು. ರಾಜಕೀಯ ಚರಿತ್ರೆಯ ಈ ವಿಂಗಡಣೆ ಸರಿಯಾದುದೇ. ಆದರೂ ಈ ಮನೆತನದ ಕಡೆಯಿಂದ ನೋಡಿದಾಗ ಎರಡಕ್ಕೂ ಒಪ್ಪುವ ಕನ್ನಡದ ಮಾತೆಂದರೆ ದಾಯಾದಿ ಯುದ್ಧ. ಬಸಂತರ್‌ನಲ್ಲಿ ಎದುರು ನಿಂತ 13ನೆಯ ಲ್ಯಾನ್ಸರ್ಸ್ ದಳವೂ ಪೂನಾ ಹಾರ್ಸ್ ದಳವೂ 1947ರವರೆಗೆ ಒಂದೇ ಸೇನೆಯ ಅಂಗಗಳಾಗಿದ್ದವು.

ಈ ದಾಯಾದಿತನದ ಅರಿವು ಪೂರ್ಣವಾಗಿ ಮೂಡಿದುದು ಮೂವತ್ತು ವರ್ಷಗಳ ತರುವಾಯ. 2001ರಲ್ಲಿ ವೃದ್ಧ ತಂದೆ ಹುಟ್ಟೂರನ್ನು ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಆದರದಿಂದ ಉಪಚರಿಸಿದ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್, ಅವರು ಹೊರಡುವ ಮುನ್ನ, ಅರುಣ್ ಮಡಿದುದು ತಮ್ಮ ಕೈಯಿಂದಲೇ ಎಂದು ತಿಳಿಸಿದರು. ಹೇಳದೆ ಉಳಿಯಬಹುದಾಗಿದ್ದ ಸತ್ಯವದು. ಕೇಳಿದ ತಂದೆಗೆ ಎದುರಿಗಿದ್ದವನು ಮಗನನ್ನು ಕೊಂದವನೂ ಹೌದು, ಅನ್ನವಿಕ್ಕಿದವನೂ ಹೌದು.

ಮಹಾಭಾರತದ ಸಂಶೋಧಿತ ಆವೃತ್ತಿಯ ಕಾರ್ಯವನ್ನು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಭಾಂಡಾರ್ಕರ್ ಸಂಸ್ಥೆ ಇರುವುದೂ ಪುಣೆಯಲ್ಲಿಯೇ. ಆ ಕಾವ್ಯದಲ್ಲಿ ಯುದ್ಧಪರ್ವಗಳು ಮುಗಿದೊಡನೆ ಪಟ್ಟಾಭಿಷೇಕವಿಲ್ಲ. ಮೊದಲು ಬರುವುದು ಸ್ತ್ರೀಪರ್ವ. ಸತ್ತವರ ಮನೆಯವರು ರಣಭೂಮಿಗೆ ಬರುತ್ತಾರೆ. ಕರ್ಣನು ನಿಮ್ಮ ಅಣ್ಣನೆಂದು ಕುಂತಿ ಪಾಂಡವರಿಗೆ ತಿಳಿಸುವುದು ಆಗಲೇ. ಗೆಲುವಿನ ಲೆಕ್ಕದಲ್ಲಿ ಕಾಣದ ನಂಟು ಅಳುವಿನ ನಡುವೆ ಕಾಣುತ್ತದೆ.

ಮನೆಯ ಕಥೆಯನ್ನು ತಂದರೆ ವೀರನ ಎತ್ತರ ಕುಗ್ಗುವುದೆಂಬ ಅಂಜಿಕೆಗೆ ಆಧಾರವಿಲ್ಲ. ಅರುಣರ ಶೌರ್ಯ ಪದಕದಲ್ಲಿ ದಾಖಲಾಗಿದೆ. ಆ ಶೌರ್ಯಕ್ಕೆ ಒಂದು ಮನೆ ತೆತ್ತ ಬೆಲೆ ಲಾಹೋರಿನ ಆ ಭೇಟಿಯಲ್ಲಿ ದಾಖಲಾಗಿದೆ. ಎರಡನ್ನೂ ಕೂಡಿಸಿ ಓದುವ ಪೀಳಿಗೆಯು ವೀರನನ್ನು ಗೌರವಿಸುವುದರ ಜೊತೆಗೆ ಮುಂದಿನ ಯುದ್ಧದ ವಿಷಯದಲ್ಲಿ ಎಚ್ಚರದಿಂದಲೂ ಇರಬಲ್ಲದು.