ಪದ–ಪದಾರ್ಥ: ಯು ಇಲ್ಲದ ಕ್ಯೂ

ಶುಕ್ರವಾರದ ಸಂಜೆ ನಮ್ಮವರ ಮನೆಗಳಲ್ಲಿ ನಡೆಯುವ ಸ್ಕ್ರಾಬಲ್ ಆಟ ಓದುಗರಿಗೆ ಹೊಸದಲ್ಲ. ನೂರು ಬಿಲ್ಲೆಗಳಲ್ಲಿ ಕ್ಯೂ ಒಂದೇ ಒಂದು. ಅದರ ಬೆಲೆ 10 ಅಂಕ. ಆದರೂ ಅದು ಕೈಗೆ ಬಂತೆಂದರೆ ದೊಡ್ಡವರ ಮುಖ ಬಾಡುತ್ತದೆ. ಪಕ್ಕದಲ್ಲಿ ಯು ಇಲ್ಲದೆ ಕ್ಯೂ ಕದಲದು ಎಂದು ಶಾಲೆಯಲ್ಲಿ ಕಲಿತವರು ನಾವು. ಯು ಇರುವುದೋ ನಾಲ್ಕೇ. ಮಕ್ಕಳಿಗೆ ಈ ಚಿಂತೆಯಿಲ್ಲ. ಕ್ಯೂ-ಎ-ಟಿ, ಕ್ಯೂ-ಐ, ಎಸ್-ಯು-ಕ್ಯೂ ಎಂದು ಪಟಪಟನೆ ಜೋಡಿಸಿ ಅಂಕ ಬರೆದುಕೊಳ್ಳುತ್ತಾರೆ. "ಹಾಗೆಂದರೇನೋ ಮರಿ?" ಎಂದು ಕೇಳಿ ನೋಡಿ. "ಗೊತ್ತಿಲ್ಲ ಅಂಕಲ್, ಲಿಸ್ಟಿನಲ್ಲಿದೆ" ಎಂಬ ಉತ್ತರ ಬರುತ್ತದೆ.

ಲಿಸ್ಟಿನಲ್ಲಿರುವುದು ನಿಜ. ಆದರೆ ಅರ್ಥ ಇರುವುದು ಮನೆಯ ಹೊಸ್ತಿಲಾಚೆ ಎಂಬುದೇ ಈ ಸಲದ ವಿಷಯ.

ಹಳೆಯ ಇಂಗ್ಲಿಷಿನಲ್ಲಿ 'ಕ್ವೀನ್' ಪದವನ್ನು ಸಿ-ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯ ಕ್ಯೂ-ಯು ಜೋಡಿ ರೂಢಿಗೆ ಬಂತು. ಆದ್ದರಿಂದ ಯು ಹಿಂಬಾಲಿಸದ ಕ್ಯೂ ಕಂಡರೆ ಆ ಪದ ಹೊರಗಿನಿಂದ ಬಂದದ್ದೆಂದು ಸಾಮಾನ್ಯವಾಗಿ ತಿಳಿಯಬಹುದು. ಅಂಥವುಗಳಲ್ಲಿ ಬಹಳಷ್ಟು ಬಂದದ್ದು ಅರಬ್ಬಿಯಿಂದ.

ಅರಬ್ಬಿಯಲ್ಲಿ ಎರಡು 'ಕ' ಇವೆ. ಒಂದು ನಮ್ಮ ಕಕಾರದಂಥದೇ. ಇನ್ನೊಂದು ಕಿರುನಾಲಗೆಯ ಬಳಿ ಹುಟ್ಟುವ ಕ. ರೋಮನ್ ಲಿಪಿಯಲ್ಲಿ ಅದಕ್ಕೆ ಕ್ಯೂ ಬರೆಯುತ್ತಾರೆ. ಎರಡನ್ನೂ ಬೆರೆಸಿದರೆ ಫಜೀತಿ. 'ಕಲ್ಬ್' ಎಂಬುದನ್ನು ಗಂಟಲಿನಿಂದ ನುಡಿದರೆ ಹೃದಯ, ನಮ್ಮ ಕಕಾರದಿಂದ ನುಡಿದರೆ ನಾಯಿ! ಒಮಾನಿನ ಒಳನಾಡಿನ ಊರುಗಳವರು ಕಾಫಿಗೆ ಗಂಟಲಿನ 'ಕಹ್ವಾ' ಎಂದರೆ, ಮರಳುಗಾಡಿನ ಬದೂಗಳು 'ಗಹ್ವಾ' ಎನ್ನುತ್ತಾರೆ. ಇನ್ನೊಂದು ಸ್ವಾರಸ್ಯವುಂಟು. ಫಿನೀಷಿಯನ್ನರ ಅಕ್ಷರವೊಂದು ಗ್ರೀಕರಲ್ಲಿ 'ಕೊಪ್ಪ' ಆಗಿ (ಚಿಕ್ಕಮಗಳೂರು ಜಿಲ್ಲೆಯದಲ್ಲ!), ರೋಮನರಲ್ಲಿ ಕ್ಯೂ ಆಯಿತು. ಅರಬ್ಬಿಯ ಗಂಟಲಿನ ಕಕಾರವೂ ಅದೇ ಮೂಲದ ಇನ್ನೊಂದು ಕವಲು. ಎಂದರೆ ಈ ಎರಡು ಅಕ್ಷರಗಳು ದಾಯಾದಿಗಳು.

ಈಗ ಪದಗಳಿಗೆ ಬರೋಣ. ಎಸ್-ಯು-ಕ್ಯೂ ಎಂದರೆ ಸೂಕ್, ಪೇಟೆ. ಮತ್ರಾದ ಸೂಕಿಗೆ ಹೋಗದ ಕನ್ನಡಿಗ ಮಸ್ಕತ್ತಿನಲ್ಲಿ ಯಾರಿದ್ದಾರೆ? ಕ್ಯೂ-ಎ-ಟಿ ಎಂದರೆ ನೆರೆಯ ಯೆಮನ್ನಿನಲ್ಲಿ ಜಗಿಯುವ ಎಲೆ. ಒಮಾನಿನಲ್ಲಿ ಅದು ನಿಷಿದ್ಧ. ಅದರ ಅಮಲಿಗೆ ಮುಖ್ಯ ಕಾರಣವಾದ ಕ್ಯಾಥಿನೋನ್ ಎಂಬ ಪದಾರ್ಥವನ್ನು 1975ರಲ್ಲಿ ಬೇರ್ಪಡಿಸಿದರು. ಎಲೆ ಒಣಗಿದಂತೆ ಅದು ಸೌಮ್ಯವಾದ ಬೇರೆ ಪದಾರ್ಥವಾಗಿ ಮಾರ್ಪಡುವುದರಿಂದ ಜಗಿಯುವವರಿಗೆ ಹಸಿ ಎಲೆಯೇ ಬೇಕು. 'ಕನಾತ್' ಎಂದರೆ ನೆಲದಡಿಯ ಸುರಂಗ ಕಾಲುವೆ. ಇಲ್ಲಿನ ಫಲಜ್‌ಗಳಲ್ಲಿ ದಾವೂದಿ ಎಂಬ ಬಗೆ ಇಂಥದೇ. ಒಮಾನಿನ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಬೀದರಿನವರು ಇದನ್ನು ಕಂಡು ಬೆರಗಾಗಬೇಕಿಲ್ಲ. ಬಹಮನಿ ಕಾಲದ ಕಾರೇಜ್ ಅವರ ಊರಲ್ಲೇ ಇದೆ. ಕ್ಯೂ-ಐ ಮಾತ್ರ ಚೀನದ್ದು. 'ಚೀ' ಎಂದು ಓದಬೇಕು. ಉಸಿರು, ಪ್ರಾಣಶಕ್ತಿ ಎಂದರ್ಥ.

ನನ್ನ ಕಸುಬಿನ ಮಾತನ್ನೂ ಆಡಬೇಕಲ್ಲ. ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಎಲ್ಲಿ ಹುಡುಕಿದರೂ ಕ್ಯೂ ಸಿಗದು. 114ನೆಯ ಮೂಲವಸ್ತುವಿನ ತಾತ್ಕಾಲಿಕ ಸಂಕೇತದಲ್ಲಿ ಇತ್ತು. 2012ರಲ್ಲಿ ಅದಕ್ಕೆ ಫ್ಲೆರೋವಿಯಂ ಎಂದು ಹೆಸರಿಟ್ಟಾಗ ಅದೂ ಹೋಯಿತು. ಆದರೆ ವೇಷ ಮರೆಸಿಕೊಂಡು ಕುಳಿತಿದೆ. ಗಿಡದ ಬೂದಿಯಿಂದ ತೆಗೆದ ಕ್ಷಾರಕ್ಕೆ ಅರಬ್ಬರು 'ಅಲ್-ಕಲಿ' ಎಂದರು, ಗಂಟಲಿನ ಕಕಾರದಲ್ಲಿ. ಅದು ಯುರೋಪಿಗೆ ಹೋಗಿ 'ಆಲ್ಕಲಿ' ಆಯಿತು. 1807ರಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿದ ಪೊಟಾಸಿಯಂ ಲೋಹಕ್ಕೆ ಅದರಿಂದಲೇ 'ಕಾಲಿಯಂ' ಎಂಬ ಹೆಸರೂ 'ಕೆ' ಎಂಬ ಸಂಕೇತವೂ ಬಂದವು.

ಇಷ್ಟೆಲ್ಲ ಹೇಳಿದ್ದು ಮುಂದಿನ ಮಾತಿಗಾಗಿ. ಇದೇ ಗಂಟಲಿನ ಕಕಾರ ಪಾರಸಿ, ಉರ್ದು, ಮರಾಠಿಗಳ ದಾರಿ ಹಿಡಿದು ಕನ್ನಡಕ್ಕೂ ಬಂದಿದೆ. ಹಕ್ಕು, ಬಾಕಿ, ಕರಾರು, ಕಾಯಿದೆ, ಕೈದಿ, ಕಿಸ್ತು, ಕಬೂಲು, ಕಿಮ್ಮತ್ತು, ತಾಲೂಕು, ಫರಕು, ಸಂದೂಕ ಎಲ್ಲವೂ ಆ ಕುಲದವೇ. ಇಂಗ್ಲಿಷು ತನ್ನ ಕ್ಯೂ ಪದಗಳಿಗೆ ಪರದೇಶಿ ಕಾಗುಣಿತವನ್ನೇ ಉಳಿಸಿತು. ಕನ್ನಡ ಗಂಟಲನ್ನು ಸಡಿಲಿಸಿ, ಅನೇಕ ಪದಗಳ ಕೊನೆಗೆ ಉಕಾರ ತೊಡಿಸಿ ಒಳಗೆ ಕರೆದುಕೊಂಡಿತು. ಅರ್ಥವೂ ಕೆಲವು ಕಡೆ ಹೊರಳಿತು. ಅರಬ್ಬಿಯಲ್ಲಿ 'ನಕ್ಲ್' ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಒಂದು ಕಾಗದದಿಂದ ಇನ್ನೊಂದಕ್ಕೆ ಬರಹವನ್ನು ಸಾಗಿಸಿದರೆ ನಮ್ಮ 'ನಕಲು'. ಅರಬ್ಬಿಯ 'ಮುಕದ್ದಿಮಾ' ಮುನ್ನುಡಿ. ನಮ್ಮ 'ಮೊಕದ್ದಮೆ' ಕೋರ್ಟಿನದು.

ಊರಿನಿಂದ ಅಜ್ಜ ಫೋನು ಮಾಡಿ, "ತಾಲೂಕು ಕಚೇರಿಗೆ ಹೋಗಿದ್ದೆ ಮಗಾ, ಸೊಸೈಟಿಯ ಕಿಸ್ತು ಬಾಕಿ ಇದೆ, ನಕಲು ತೆಗೆಸಬೇಕು" ಎನ್ನುತ್ತಾರೆ. ಮಗು ಒಂದು ನಿಮಿಷ ಕೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತದೆ. ಅಜ್ಜನ ಕನ್ನಡ ಕಷ್ಟ ಎನ್ನುತ್ತದೆ. ಆದರೆ ಅದೇ ಮಗು ಶಾಲೆಯಲ್ಲಿ ಅರಬ್ಬಿ ಅಕ್ಷರ ಬರೆದಿರುತ್ತದೆ, ಅಂಗಡಿಯಲ್ಲಿ ಚಿಲ್ಲರೆಗೆ 'ಅಲ್-ಬಾಕಿ' ಎಂಬುದನ್ನು ಕೇಳಿರುತ್ತದೆ, ಕ್ಯೂ ಪದಗಳ ಲಿಸ್ಟನ್ನು ಬಾಯಿಪಾಠ ಮಾಡಿರುತ್ತದೆ. ಮೂರೂ ಬೇರೆ ಬೇರೆ ಸಂದೂಕದಲ್ಲಿವೆ. ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸುವ ಕೆಲಸ ಶಾಲೆಯದಲ್ಲ, ನಮ್ಮದು. ಅದನ್ನು ಮಾಡದಿದ್ದರೆ ಅಜ್ಜನ ಮಾತು ಅಮ್ಮನವರೆಗೆ ಬಂದು ನಿಂತುಹೋಗುತ್ತದೆ. ಮುಂದೆ ಫೋನು ಎತ್ತಿಕೊಳ್ಳುವವರು ಯಾರು?

ಆದಕಾರಣ ಈ ಸಲ ಮನೆಗೆಲಸ ಉಂಟು. ಮಗು ಬಿಲ್ಲೆ ಇಟ್ಟಾಗ ಅಂಕ ಕೊಡುವ ಮೊದಲು ಅರ್ಥ ಕೇಳಿ. ಅರ್ಥ ಹೇಳಿದರೆ, ನಿಯಮದಲ್ಲಿ ಇಲ್ಲದಿದ್ದರೂ, ಐದು ಅಂಕ ಹೆಚ್ಚಿಗೆ ಕೊಡಿ. ಅಜ್ಜ-ಅಜ್ಜಿಯರೊಡನೆ ಮಾತಾಡುವಾಗ ಇಂಥ ಐದು ಪದಗಳನ್ನು ಮಕ್ಕಳ ಕೈಯಲ್ಲೇ ಬರೆಸಿ ಸಂಪಾದಕರಿಗೆ ಕಳಿಸಿ. ಒಂದು ಎಚ್ಚರಿಕೆ: 'ಖರ್ಚು', 'ಖಾಲಿ' ಈ ಕುಲದವಲ್ಲ, ಅವುಗಳದು ಬೇರೆ ಅಕ್ಷರ. ಬಂದ ಪದಗಳನ್ನು ಮುಂದಿನ ಸಂಚಿಕೆಯಲ್ಲಿ ಸೋಸಿ ನೋಡೋಣ.